ಐವತ್ತು ಮಂದಿಯ ಮದುವೆ

ಒಡಹುಟ್ಟಿದ ಅಕ್ಕನಿಗೆ ಮಗನ ಮದುವೆಯ ಲಿಂಕ್ ಕಳಿಸುವ ತಮ್ಮ ಇದ್ದರೆಷ್ಟು, ಬಿಟ್ಟರೆಷ್ಟು? ಕಂಪ್ಲಿಯ ಕೊಟ್ರಬಸಮ್ಮ ಅಂದು ಬೆಳಗಿನಿಂದ ಗೊಣಗುತ್ತಲೇ ಇದ್ದಳು. ಅವರ ಮನೆತನದಲ್ಲಿ ಮದುಮಗನ ಹಣೆಗೆ ಬಾಸಿಂಗ ಕಟ್ಟುವುದು ಅವನ ಸೋದರತ್ತೆಯ ಹಕ್ಕು. ತಮ್ಮ ದೊಡ್ಡಬಸಪ್ಪನ ಮಗ ಸಿದ್ದಲಿಂಗೇಶ ಹುಟ್ಟಿದಂದಿನಿಂದ ಆ ದಿನಕ್ಕೆ ಇಪ್ಪತ್ತಾರು ವರ್ಷ ಕಾದಿದ್ದಳು. ಅಷ್ಟರಲ್ಲಿ ಕೊರೊನಾ ಬಂತು, ಮದುವೆಗೆ ಐವತ್ತೇ ಮಂದಿ ಎಂದು ಸರ್ಕಾರ ಹೇಳಿತು. ತಮ್ಮನ ಹೆಂಡತಿ ಅನ್ನಪೂರ್ಣಳಿಗೆ ಅಷ್ಟೇ ಸಾಕಾಯಿತು.

"ಐವತ್ತಕ್ಕ ಒಬ್ರೂ ಹೆಚ್ಚಾಗಂಗಿಲ್ರಿ ಅಕ್ಕಾರ. ನಿಮಗ ಬಿಪಿ ಬ್ಯಾರೆ ಐತಿ. ಮನ್ಯಾಗ ಕುಂತು ಫೋನಿನ್ಯಾಗ ನೋಡ್ರಿ, ಎಲ್ಲಾ ಕಾಣ್ತೈತಿ," ಎಂದು ಹೊಸಪೇಟೆಯಿಂದ ಫೋನಿನಲ್ಲೇ ಮುಗಿಸಿದ್ದಳು.

ಲಾಕ್‌ಡೌನಿನ ಆ ಮೂರು ತಿಂಗಳು ಕೊಟ್ರಬಸಮ್ಮನನ್ನು ಕೈಹಿಡಿದು ನಡೆಸಿದ್ದು ಫೋನೇ ಎಂಬುದು ನಿಜ. ಗುಳಿಗೆ ಮುಗಿದರೆ ಡಾಕ್ಟರ ಚೀಟಿಯ ಫೋಟೊ ಹೊಡೆದು ಮೆಡಿಕಲ್ ಶಾಪಿಗೆ ಕಳಿಸುವಳು, ಗುಳಿಗೆ ಬಾಗಿಲಿಗೇ ಬರುತ್ತಿತ್ತು. ದೋಣಿಮಲೈ ಕ್ವಾರ್ಟರ್ಸಿನಲ್ಲಿದ್ದ ಮೊಮ್ಮಗಳಿಗೆ ಹಲ್ಲು ಬಂದದ್ದನ್ನು ವಿಡಿಯೊ ಕಾಲಿನಲ್ಲಿ ಕಂಡು ಹಿಗ್ಗಿದ್ದಳು. ಆದರೆ ಬಾಸಿಂಗ ಕಟ್ಟುವ ಕೈಯನ್ನು ಯಾವ ಫೋನು ಹೊಸಪೇಟೆಗೆ ಮುಟ್ಟಿಸೀತು?

ಆದರೂ ಇಳಕಲ್ ಸೀರೆ ಉಟ್ಟು ಫೋನಿನ ಮುಂದೆ ಕುಳಿತಳು. ಅದು ವಿಡಿಯೊ ಕಾಲು; ಇವಳ ದನಿ ಅಲ್ಲಿ ಕೇಳದಿದ್ದರೂ ಮುಖ ಕಾಣುತ್ತಿತ್ತು. ಹತ್ತು ಗಂಟೆಗೆ ಪರದೆಯ ಮೇಲೆ ಬಾಸಿಂಗ ಕಂಡಿತು. ಕಟ್ಟುತ್ತಿದ್ದವಳು ಅನ್ನಪೂರ್ಣಳ ತಂಗಿ!

ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ದೊಡ್ಡಬಸಪ್ಪನಿಗೆ ಮೊದಲಿನಿಂದಲೂ ಡೌಲು ಜಾಸ್ತಿ. ಕೂಡಿದ ಮಂದಿಯನ್ನು ನಾಲ್ಕು ಜನಕ್ಕೆ ತೋರಿಸದಿದ್ದರೆ ಅವನಿಗೆ ಉಂಡದ್ದು ಅರಗದು. ಸ್ಟ್ಯಾಂಡಿನಲ್ಲಿದ್ದ ಫೋನು ಕಿತ್ತುಕೊಂಡು ಪೆಂಡಾಲಿನ ತುಂಬ ತಿರುಗಿಸಿದ. "ನೋಡ್ರೆಪಾ, ಕೊರೊನಾ ಅಂದ್ರೂ ನಮ್ಮ ಮಂದಿ ಹೆಂಗ ಬಂದಾರ!" ಎಂದು ಬೀಗಿ, ಫೋನನ್ನು ಮತ್ತೆ ಸ್ಟ್ಯಾಂಡಿಗೆ ಸಿಕ್ಕಿಸಿದ.

ಕೊಟ್ರಬಸಮ್ಮ ಕನ್ನಡಕ ಏರಿಸಿ ಎಣಿಸಿದ್ದಳು. ನೂರಾ ಹನ್ನೆರಡು. ಅರ್ಧಕ್ಕರ್ಧ ಅನ್ನಪೂರ್ಣಳ ತವರಿನವರು. ಅವಳ ಜಂಪರ್ ಹೊಲಿಯುವ ಟೇಲರ್ ಕೂಡ ಮೊದಲ ಸಾಲಿನಲ್ಲಿದ್ದ.

"ಟೇಲರಿಗೆ ಜಾಗ ಐತಿ, ಸೋದರತ್ತಿಗಿಲ್ಲ! ತಡೀರಿ, ಮಾಡ್ತೀನಿ ನಿಮಗ."

ಪರದೆಯ ಮೇಲಿನ ಪೆಂಡಾಲನ್ನು ಆಗಲೇ ನಾಲ್ಕು ಫೋಟೊ ಹಿಡಿದಿದ್ದಳು. ಮಂದಿ ಹೆಚ್ಚು ಸೇರಿದರೆ ತಿಳಿಸಿ ಎಂದು ಪೊಲೀಸರು ಸಾರಿದ್ದ ವಾಟ್ಸಾಪ್ ನಂಬರಿಗೆ ವಿಳಾಸ ಸಮೇತ ಕಳಿಸಿದಳು. ಓದಿದರೆಂಬ ನೀಲಿ ಗೀಟು ಬಿದ್ದಾಗ ಅವಳ ಎದೆ ತಣ್ಣಗಾಯಿತು.

ಅರ್ಧ ಗಂಟೆಗೆ ಪೊಲೀಸ್ ಜೀಪು ಬಂತು. ತಿಂಡಿಯ ಎಲೆಯ ಮುಂದೆ ಕುಳಿತವರು ಎಂಜಲು ಕೈಯಲ್ಲೇ ಎದ್ದುಬಿದ್ದು ಓಡಿದರು. ಅನ್ನಪೂರ್ಣಳ ತಂಗಿ ರೇಷ್ಮೆ ಸೀರೆ ಎತ್ತಿಕಟ್ಟಿ ಹಿಂದಿನ ಕಾಂಪೌಂಡು ಹತ್ತಿದಳು. ದೊಡ್ಡಬಸಪ್ಪ ಕುರ್ಚಿಗಳ ಮರೆಗೆ ಸರಿದ. ಕೊಟ್ರಬಸಮ್ಮ ಕಂಪ್ಲಿಯ ಮನೆಯಲ್ಲಿ ಒಬ್ಬಳೇ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೇಡು ಇಷ್ಟು ರುಚಿಯೆಂದು ಗೊತ್ತಿದ್ದರೆ ಎಂದೋ ತೀರಿಸಿಕೊಳ್ಳುತ್ತಿದ್ದಳು.

"ಪರ್ಮಿಷನ್ ಯಾರ ಹೆಸರಿನ್ಯಾಗೈತಿ?" ಪೊಲೀಸರು ಕೇಳಿದರು.

ದೊಡ್ಡಬಸಪ್ಪ ಕುರ್ಚಿಗಳ ಮರೆಯಲ್ಲಿ ಇನ್ನಷ್ಟು ಕುಗ್ಗಿದ. ಮುಂದೆ ಬಂದವನು ಹೆಣ್ಣಿನ ತಂದೆ, ಮರಿಯಮ್ಮನಹಳ್ಳಿಯ ರೇವಣಸಿದ್ದ. ಮಾತಿಗೆ ತಪ್ಪದೆ ಇಪ್ಪತ್ತೈದೇ ಮಂದಿಯನ್ನು ಕರೆತಂದಿದ್ದ ಬಡಪಾಯಿ.

"ನಂದ್ರಿ ಸಾಹೇಬ್ರ. ತಾಳಿ ಒಂದು ಕಟ್ಟಿಬಿಡ್ಲಿ, ನಾನ ಸ್ಟೇಷನ್ನಿಗೆ ಬರ್ತೀನ್ರಿ."

"ಹತ್ತು ಮಂದಿ ನಿಂತು ತಾಳಿ ಕಟ್ಟಿಸ್ಲಿ. ನೀವು ಈಗ ನಡೀರಿ."

ಹಸೆಮಣೆಯ ಮೇಲಿದ್ದ ಮದುಮಗಳು ಕಾವ್ಯ ಎದ್ದು "ಅಪ್ಪಾ" ಎಂದಳು. ಕೊಟ್ರಬಸಮ್ಮನ ನಗು ಅಲ್ಲೇ ನಿಂತಿತು. ಸೇಡಿನ ಭರದಲ್ಲಿ ಹೆಣ್ಣಿನ ತಂದೆ ಅವಳ ತಲೆಗೇ ಬಂದಿರಲಿಲ್ಲ.

ಹೊರಡುವಾಗ ರೇವಣಸಿದ್ದನ ಕಣ್ಣು ಫೋನಿನ ಮೇಲೆ ಬಿತ್ತು. ನಿಶ್ಚಿತಾರ್ಥದಲ್ಲಿ ಕಂಡ ಮುಖದ ಗುರುತು ಹತ್ತಿ ಎರಡೂ ಕೈ ಜೋಡಿಸಿದ.

"ಅಕ್ಕಾರ, ಅದೀರಲ್ಲ? ಯಾರೋ ಪುಣ್ಯಾತ್ಮರು ಪೊಲೀಸರಿಗೆ ಹೇಳಿಕೊಟ್ಟು ಹಿಂಗ ಮಾಡ್ಯಾರ. ಇರೋ ಹಿರೇರೆಲ್ಲಾ ಓಡಿದ್ರು, ನೀವೊಬ್ರ ಉಳಿದೀರಿ. ನನ್ನ ಬದಲಿ ನನ್ನ ಮಗಳ ಮ್ಯಾಲೆ ನಾಕು ಅಕ್ಕಿಕಾಳು ಹಾಕ್ರಿ."

ಜೀಪು ಹೊರಟ ಸದ್ದು ಕೇಳಿಸಿತು. ಕೊಟ್ರಬಸಮ್ಮ ಒಳಗೆ ಹೋಗಿ ಒಂದು ಹಿಡಿ ಅಕ್ಕಿ ತಂದಳು. ಖಾಲಿ ಪೆಂಡಾಲಿನಲ್ಲಿ ಸಿದ್ದಲಿಂಗೇಶ ತಾಳಿ ಕಟ್ಟಿದ. ಕಾವ್ಯ ಕಣ್ಣೊರೆಸಿಕೊಂಡು ಫೋನಿನ ಮುಂದೆ ಬಂದು ತಲೆ ಬಾಗಿಸಿ ನಿಂತಳು. ನಿಂತೇ ಇದ್ದಳು. ಕೊಟ್ರಬಸಮ್ಮನ ಕೈ ಮೇಲೇಳಲಿಲ್ಲ.