ಮಾವನವರನ್ನು ಎತ್ತುವ ಕೆಲಸ

ನನ್ನ ಹಣೆಗೆ ಒಂದು ಪಟ್ಟಿ ಬಿಗಿದು, ಅದರ ಮೇಲೆ ಕ್ಯಾಮೆರಾ ಕೂಡಿಸಿದ್ದಾರೆ. ಅದನ್ನು ಹಾಕಿಕೊಂಡೇ ರೊಟ್ಟಿ ಬಡಿಯಬೇಕು, ಪಾತ್ರೆ ತಿಕ್ಕಬೇಕು, ಬಟ್ಟೆ ಮಡಚಬೇಕು. ಆ ವಿಡಿಯೊ ತೋರಿಸಿ ಪರದೇಶದಲ್ಲಿ ಯಂತ್ರದ ಮನುಷ್ಯರಿಗೆ ಮನೆಗೆಲಸ ಕಲಿಸುತ್ತಾರಂತೆ. ನನಗೆ ಮಾತ್ರ ಯಾರೂ ಇಷ್ಟು ತಾಳ್ಮೆಯಿಂದ ಕಲಿಸಲಿಲ್ಲ. ತವರಲ್ಲಿ ಎರಡು ಬೈಗುಳ, ಒಂದು ಏಟು, ಅಷ್ಟೇ.

ಶಹಾಬಾದಿನ ನಮ್ಮ ಓಣಿಗೆ ಈ ಕೆಲಸ ತಂದವನು ಕಂಪನಿಯ ಏಜೆಂಟ್ ಸಿದ್ಧಲಿಂಗ. ನನ್ನ ಗಂಡ ಚೌಡೇಶ ನೆಲಕ್ಕೆ ಹಾಸುವ ಫರಶಿ ಕಲ್ಲಿಗೆ ಪಾಲಿಶ್ ಮಾಡುತ್ತಿದ್ದ ಕಾರ್ಖಾನೆ, ಊರೆಲ್ಲ ಹೊಳೆಯುವ ಟೈಲ್ಸಿಗೆ ಮರುಳಾದ ಮೇಲೆ ಬಾಗಿಲು ಹಾಕಿತು. ಈಗ ಅವನು ಪಕ್ಕದ ಊರು ವಾಡಿಗೆ ಹೋಗಿ, ಕೂಲಿ ಸಿಕ್ಕರೆ ಸಿಗಲಿ ಎಂದು ನಿಲ್ಲುತ್ತಾನೆ. ಮನೆ ನಡೆಯುವುದು ನನ್ನ ಹಣೆಯ ಮೇಲಿನ ಕ್ಯಾಮೆರಾದಿಂದ.

ತೊಡಕಾದದ್ದು ಸೆರಗಿನಿಂದ. ಮಾವ ಬಸವಂತರಾಯರು ಒಳಗೆ ಬಂದರೆ ಸಾಕು, ನನ್ನ ಕೈ ತಾನಾಗಿ ಮೇಲೇಳುತ್ತದೆ, ಸೆರಗು ಹಣೆಯವರೆಗೂ ಇಳಿಯುತ್ತದೆ, ಕ್ಯಾಮೆರಾಕ್ಕೆ ಕತ್ತಲು. ಮದುವೆಯಾದಾಗಿನಿಂದ ಅವರೆದುರು ನಾನು ಬರಿದಲೆಯಲ್ಲಿ ನಿಂತವಳಲ್ಲ. ಅವರೂ ಅಷ್ಟೇ, ಬಾಗಿಲಲ್ಲಿ ಕೆಮ್ಮಿ ಒಳಗೆ ಬರುವವರು. ಹೀಗಾಗಿ ಕಂಪನಿಯಿಂದ ವಿಡಿಯೊ ಮೇಲೆ ವಿಡಿಯೊ ವಾಪಸು ಬಂದವು.

"ಅಕ್ಕಾ, ಸೆರಗ ಹೊಚ್ಚಿಕೊಂಡ್ರ ಮಶೀನು ಏನ್ ಕಲೀತದ್ರಿ? ಇನ್ನೊಮ್ಮಿ ಹಿಂಗಾದ್ರ ಕ್ಯಾಮೆರಾ ಬ್ಯಾರೆ ಮನಿಗಿ ಕೊಡ್ತೀನಿ," ಎಂದ ಸಿದ್ಧಲಿಂಗ.

ಮಾವ ಹೊರಗೆ ಕುಳಿತು ಕೇಳಿಸಿಕೊಂಡಿದ್ದರು. "ನೀ ಕೆಲಸ ಮಾಡವ್ವಾ. ನೀ ಕರಿಯೋತನಕ ನಾ ಒಳಗ ಬರಂಗಿಲ್ಲ," ಎಂದರು. ಅಂದಿನಿಂದ ಕೆಮ್ಮನ್ನೂ ನುಂಗಿಕೊಂಡು ಬೇವಿನ ಮರದ ಕೆಳಗೆ ಕೂರತೊಡಗಿದರು. ಅವರು ಕಟ್ಟಿದ ಮನೆ, ಅವರೇ ಹೊರಗೆ. ಆದರೂ ನಾನು ಕ್ಯಾಮೆರಾ ಬಿಚ್ಚಲಿಲ್ಲ.

ಒಂದು ಮಧ್ಯಾಹ್ನ, ಬಿಸಿಲು ಕೆಂಡ ಕಾರುತ್ತಿತ್ತು. ಪಾತ್ರೆ ತಿಕ್ಕುತ್ತಿದ್ದಾಗ ಹೊಸ್ತಿಲ ಬಳಿ ಧಪ್ಪೆಂದು ಸದ್ದಾಯಿತು. ಓಡಿ ಹೋದೆ. ನೀರಿಗೆಂದು ಎದ್ದು ಬಂದ ಮಾವ, ನನ್ನನ್ನು ಕರೆಯಲು ಹಿಂಜರಿದು ಅಲ್ಲೇ ನಿಂತಿದ್ದು, ತಲೆ ತಿರುಗಿ ಬಿದ್ದಿದ್ದರು. ಸೆರಗಿನ ನೆನಪು ಎಲ್ಲಿಂದ ಬರಬೇಕು? ಕಂಕುಳಿಗೆ ಕೈ ಕೊಟ್ಟು ಎತ್ತಿ, ಗೋಡೆಗೆ ಆನಿಸಿ ಕೂರಿಸಿ, ನೀರು ಕುಡಿಸಿದೆ. ಅವರು ಕಣ್ಣು ಬಿಟ್ಟರು. ನನ್ನ ಬರಿದಲೆ ಕಂಡು ಮುಖ ಆಚೆ ತಿರುಗಿಸಿದರು. ನಾನು ಗಳಗಳನೆ ಅತ್ತುಬಿಟ್ಟೆ.

ಕ್ಯಾಮೆರಾ ಇದನ್ನೆಲ್ಲ ನೋಡಿತ್ತು, ಪರದೇಶದವರಿಗೆ ಕಳಿಸಿಯೂ ಬಿಟ್ಟಿತ್ತು. ಪಾತ್ರೆ ಅರ್ಧಕ್ಕೇ ಬಿಟ್ಟದ್ದಕ್ಕೆ ಕೆಲಸ ಹೋಯಿತೆಂದೇ ತಿಳಿದೆ. ಆದರೆ ಸಿದ್ಧಲಿಂಗ ಪೇಡೆ ಹಿಡಿದುಕೊಂಡು ಬಂದ.

"ಅಕ್ಕಾ, ನಿಮ್ಮ ವಿಡಿಯೊ ಅವರಿಗಿ ಭಾಳ ಪಸಂದ್ ಬಂದದ್ರಿ. ಅಲ್ಲಿ ಮುದುಕರನ್ನ ನೋಡ್ಕೊಳ್ಳಾಕ ಮಂದಿ ಇಲ್ಲಂತ, ಮಶೀನೇ ಎತ್ತಬೇಕಂತ. ಇಂಥವು ಇನ್ನೂ ಬೇಕಂತ. ಪಗಾರ ಡಬಲ್."

"ಇಂಥವು ಅಂದ್ರ?"

"ಮಾವಾರು ಬೀಳೂದು, ನೀವು ಎತ್ತೂದು. ಕೆಳಗ ಗಾದಿ ಹಾಕೋಣು, ಪೆಟ್ಟಾಗಂಗಿಲ್ಲ. ಅಳೂದೊಂದು ಬ್ಯಾಡ್ರಿ. ಅಳೂಮುಂದ ಕೈ ನಡಗ್ತಾವ, ಮಶೀನಿಗಿ ತಿಳ್ಯಂಗಿಲ್ಲ."

ಪೇಡೆಯ ಪೊಟ್ಟಣವನ್ನು ಅವನ ಮುಖಕ್ಕೇ ಎಸೆದೆ. "ನಡಿ ಹೊರಗ! ನಮ್ಮ ಮಾವಾರು ಏನು ಗೊಂಬಿ ಅಂತ ತಿಳದೀಯೇನು?"

ಅವನು ಎದ್ದು, ಕ್ಯಾಮೆರಾ ವಾಪಸು ಒಯ್ಯಲು ಕೈ ಚಾಚಿದ. ಚೌಡೇಶ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಅಂದೂ ಕೂಲಿ ಸಿಕ್ಕಿರಲಿಲ್ಲ. ಅವನ ಕಡೆ ನೋಡಲೂ ನನಗೆ ಅಸಹ್ಯವಾಯಿತು.

ಅಷ್ಟರಲ್ಲಿ, ಹೊರಗೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದ ಮಾವ ಒಳಗೆ ಬಂದರು. ನನ್ನ ಕೈ ಸೆರಗಿಗೆ ಹೋಯಿತು. "ಇರಲಿ ಬಿಡವ್ವಾ," ಎಂದರು. ಮಗನನ್ನೊಮ್ಮೆ ನೋಡಿದರು. ಆಮೇಲೆ ಪಡಸಾಲೆಯ ನಡುವೆ ಕೈಯೂರಿ ಕುಳಿತು, ಮೆಲ್ಲಗೆ ಮಗ್ಗುಲಿಗೆ ಉರುಳಿ, ಕೆನ್ನೆಯನ್ನು ನೆಲಕ್ಕಿಟ್ಟರು.

"ಹಿಂಗ ಬಿದ್ರ ನಡೀತದೇನು ಸಿದ್ಧಲಿಂಗ," ಎಂದು ಅಲ್ಲಿಂದಲೇ ಕೇಳಿದರು, "ಇಲ್ಲಾ, ನಿಂತು ಬೀಳಬೇಕೋ?"