ಅಂಗಡಿ ಗುಳಿಗೆ

ಬೆಳಿಗ್ಗೆ ಹೊಲಿಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಅಕ್ಕ, ಅಂದರೆ ನನ್ನ ವಾರಗಿತ್ತಿ, ಗಂಡನ ಎದುರು ನೀರಿನ ಲೋಟ ಹಿಡಿದು ನಿಲ್ಲುತ್ತಾಳೆ.

“ಬಾಯಿ ತೆಗೀರಿ. ನಾಲಿಗೆ ಎತ್ತಿ. ನುಂಗಿದ್ರಾ?”

“ನುಂಗಿದೆ ಮಾರಾಯ್ತಿ. ನಿನ್ನ ಕಾಟಕ್ಕೇ ಬಿಪಿ ಬಂದಿರೋದು.”

ಇಬ್ಬರೂ ನಗುತ್ತಾರೆ. ನಾನು ಕಾಜಾ ಹೊಲಿಯುತ್ತಿರುತ್ತೇನೆ. ನನ್ನ ಗಂಡ, ಭಾವನ ತಮ್ಮ, ಒಂದು ಗುಳಿಗೆಯನ್ನೂ ನುಂಗಿದವನಲ್ಲ. ಮೈಮೇಲೆ ಹರಿದ ಲಾರಿ ಅಷ್ಟು ವ್ಯವಧಾನ ಕೊಡಲಿಲ್ಲ. ಗದರಲು ನನಗೆ ಯಾರೂ ಇಲ್ಲ.

ಊಟವಾದ ಮೇಲೆ ಇನ್ನೊಂದು ಸರದಿ. ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ಭಾವನ ಕುತ್ತಿಗೆ ಹಿಡಿದುಕೊಂಡಿರುತ್ತದೆ. ಅಕ್ಕ ಗುಂಡಿ ಡಬ್ಬಿಯಿಂದ ನೋವಿನ ಗುಳಿಗೆ ತೆಗೆದು ಅವರ ಅಂಗೈಗೆ ಹಾಕಿ, ಆ ಅಂಗೈಯನ್ನು ತಾನೇ ಮಡಚುತ್ತಾಳೆ. ಸಂಜೆಗೂ ಒಂದು. ನಮ್ಮ ಮನೆಯಲ್ಲಿ ಔಷಧ ಎಂದರೆ ಡಾಕ್ಟರು ಬರೆದದ್ದು. ಕೇಳಿದ ತಕ್ಷಣ ಮೆಡಿಕಲ್ ಅಂಗಡಿಯವನು ಕೊಡುವುದು ಬರೀ ಗುಳಿಗೆ.

ಬಿಪಿ ಇಳಿಯಲಿಲ್ಲ. ಡಾಕ್ಟರ ಹತ್ತಿರ ಹೊರಡುವಾಗ ಅಕ್ಕ ನನ್ನನ್ನೂ ಎಬ್ಬಿಸಿದಳು. ಕಾಲೇಜು ಮೆಟ್ಟಿಲು ಹತ್ತಿದವಳೆಂದು ಅವಳು ನನ್ನನ್ನು ಕರೆಯುವುದೇ ‘ಕಾಲೇಜು’ ಎಂದು. “ನೀನೂ ಬಾರೇ ಕಾಲೇಜು. ಡಾಕ್ಟರಮ್ಮ ದೊಡ್ಡ ಪದ ಹೇಳಿದ್ರೆ ನಂಗೆ ತಲೆಬುಡ ತಿಳಿಯಲ್ಲ.”

ಡಾಕ್ಟರಮ್ಮ ಭಾವನ ತೋಳಿನ ಪಟ್ಟಿ ಬಿಚ್ಚಿದರು. “ಇನ್ನೂ ಜಾಸ್ತಿನೇ ಇದೆ. ಬೇರೆ ಔಷಧ ಏನಾದ್ರೂ ತಗೋತಾರಾ?”

“ಒಂದೂ ಇಲ್ಲಮ್ಮ. ಎಲ್ಲಾ ನನ್ನ ಕೈಯಿಂದಲೇ ಹೋಗ್ಬೇಕು.”

“ಹಾಗಾದ್ರೆ ಬಿಪಿ ಮಾತ್ರೆ ಜಾಸ್ತಿ ಮಾಡ್ತೀನಿ.”

ಅವರು ಪೆನ್ನು ತೆಗೆದರು. ಅಕ್ಕ ಭಾವನ ಕಾಲರ್ ಸರಿಮಾಡಿ, ಅಲ್ಲೇ ಕೈ ಇಟ್ಟುಕೊಂಡಳು. ಬರೆದುಕೊಳ್ಳಲಿ ಎನಿಸಿತು. ಎಲ್ಲಾ ಗೊತ್ತಿರುವವಳು ಅವಳೇ ಅಲ್ಲವೇ. ಆಮೇಲೆ ಭಾವ ತಿರುಗಿ ನೋಡಿದರು. ಬೆನ್ನು ಬಾಗಿದಾಗ ಅವರ ಭುಜ ಥೇಟ್ ತಮ್ಮನದೇ.

“ಕುತ್ತಿಗೆ ನೋವಿಗೆ ದಿನಾ ಎರಡು ಗುಳಿಗೆ ತಗೋತಾರೆ,” ಎಂದೆ.

“ಅದು ಔಷಧ ಅಲ್ಲ ಕಣೇ! ಅಂಗಡಿ ಗುಳಿಗೆ,” ಎಂದಳು ಅಕ್ಕ.

ಡಾಕ್ಟರಮ್ಮ ಆ ಗುಳಿಗೆಯ ಹೆಸರು ಕೇಳಿ ತಿಳಿದು ಪೆನ್ನು ಕೆಳಗಿಟ್ಟರು. “ಅದು ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತೆ. ಬಿಪಿ ಏರುತ್ತೆ, ನಾನು ಕೊಟ್ಟಿದ್ದು ಕೆಲಸ ಮಾಡಲ್ಲ. ಕಿಡ್ನಿಗೂ ಕೆಟ್ಟದ್ದು. ಇವತ್ತೇ ನಿಲ್ಲಿಸಿ, ಕಿಡ್ನಿಗೆ ರಕ್ತ ಪರೀಕ್ಷೆ ಮಾಡಿಸಿ. ನೋವಿಗೆ ಬಿಸಿ ಶಾಖ ಕೊಡಿ. ಬೇರೆ ಮಾತ್ರೆ ಬೇಕಾದ್ರೆ ನನ್ನನ್ನ ಕೇಳಿ. ಹೊಟ್ಟೆಯುರಿ ಇದೆಯಾ?”

“ನನಗಿಲ್ಲ,” ಎಂದರು ಭಾವ.

ನಾನು ಗೋಡೆ ನೋಡಿದೆ.

ದಾರಿಯುದ್ದಕ್ಕೂ ಅಕ್ಕ ಮುಂದೆ ಮುಂದೆ ನಡೆದಳು. ಅಂಗಡಿಯ ಬೀಗ ತೆಗೆಯುವಾಗ, “ನಾನೇನು ವಿಷ ಹಾಕ್ತಿದ್ನಾ? ನಾಲ್ಕು ಜನರ ಮುಂದೆ ಮಾನ ತೆಗೆದೆಯಲ್ಲೇ,” ಎಂದಳು. ಅವಳ ಕಣ್ಣು ತುಂಬಿತ್ತು. ಭಾವ ಅವಳ ತಲೆ ಸವರಿದರು. “ಗೊತ್ತಿರಲಿಲ್ಲ ಕಣೇ, ಅಷ್ಟೇ.”

ಅದನ್ನು ಕಂಡೂ ನನ್ನ ಹೊಟ್ಟೆ ಉರಿಯಿತು.

ಈಗ ಗುಂಡಿ ಡಬ್ಬಿಯಲ್ಲಿ ಗುಂಡಿಗಳಷ್ಟೇ ಇವೆ. ಊಟವಾದ ಮೇಲೆ ಭಾವ ಸ್ಟೂಲಿನ ಮೇಲೆ ಕೂರುತ್ತಾರೆ. ಅಕ್ಕ ಬಿಸಿನೀರಲ್ಲಿ ಬಟ್ಟೆ ಹಿಂಡಿ ಕುತ್ತಿಗೆಗೆ ಒತ್ತುತ್ತಾಳೆ, ತೆಗೆಯುತ್ತಾಳೆ, ಮತ್ತೆ ಒತ್ತುತ್ತಾಳೆ. ಗುಳಿಗೆಯಾದರೆ ಒಂದು ಗುಟುಕಿಗೆ ಮುಗಿಯುತ್ತಿತ್ತು.

“ಲೇ ಕಾಲೇಜು, ನೀರು ಆರಿಹೋಯ್ತು. ಇನ್ನೊಂದು ಚೂರು ಕಾಯಿಸ್ಕೊಡೇ.”

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎದ್ದು ಒಲೆ ಹಚ್ಚಿದೆ.