ಗುರುತಿನ ಸಾಲು

“ಬೆನ್ನು ತಿರುಗ್ಸೋ ಬೋಳಿಮಗನೆ. ಈ ಕಡೆ ಇನ್ನೂ ಹಸಿ ಇದೆ,” ಎಂದ ಇನ್ಸ್‌ಪೆಕ್ಟರ್, ಲಾಠಿ ಮೇಲೆತ್ತಿ, ಇಟ್ಟಿಗೆ ಬೆಂದಿದೆಯೋ ಇಲ್ಲವೋ ಎಂದು ಪರೀಕ್ಷಿಸುವವನಂತೆ.

ಬೆಂಕಿಯವನು ತಿರುಗಿದ. ಇಟ್ಟಿಗೆಗೂಡಿನ ಬಾಯಿಗೆ ಸೌದೆ ಒಟ್ಟಿ ಒಟ್ಟಿ ಹುಬ್ಬಿನ ಕೂದಲನ್ನೂ ಸುಟ್ಟುಕೊಂಡವನಿಗೆ ಆಳುಗಳೆಲ್ಲ ಇಟ್ಟ ಹೆಸರದು. ಗೂಡಿನ ಧಣಿಯ ಅಳಿಯನನ್ನು ಯಾರೋ ಹೊತ್ತೊಯ್ದು, ಹಣ ಕೈಸೇರಿದ ಮೇಲೆ ರಸ್ತೆಬದಿಗೆ ಉರುಳಿಸಿ ಹೋಗಿದ್ದರು. ಟಿವಿಯವರು ಠಾಣೆಯ ಗೇಟಿಗೆ ಜೋತುಬಿದ್ದಿದ್ದರು. ಮಂತ್ರಿಯ ಫೋನು ಬಿಡುವು ಕೊಡುತ್ತಿರಲಿಲ್ಲ. ಕಳ್ಳರು ಸಿಗಲಿಲ್ಲ. ಕೈಗೆ ಸಿಕ್ಕವರು ಗೂಡಿನ ಆಳುಗಳು.

ಪಕ್ಕದ ಕೋಣೆಯಲ್ಲಿ ಬೆಂಕಿಯವನ ಅಣ್ಣ ಕೂಗುತ್ತಿದ್ದ. ತೊಡೆಯ ಮೇಲೆ ಮರದ ದಿಮ್ಮಿ ಉರುಳಿಸಿ ಇಬ್ಬರು ಪೇದೆಗಳು ಅದರ ಮೇಲೆ ನಿಂತಿದ್ದರು.

ಹೊಡೆತಕ್ಕೆ ಬಾಯಿಬಿಡದವರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಅಳಿಯ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋಗಿ ಇಲ್ಲವೆಂದು ತಲೆಯಾಡಿಸಿದ. ತನ್ನ ಕಣ್ಣಿಗೆ ಬಟ್ಟೆ ಬಿಗಿದಿದ್ದರು, ಯಾರನ್ನೆಂದು ತೋರಿಸಲಿ ಎಂದ. ಅಷ್ಟರಲ್ಲಿ ಧಣಿಯ ಕಾರು ಬಂತು.

ಗೂಡಿನಲ್ಲಿ ಒಂದು ಕಟ್ಟಳೆಯಿತ್ತು. ಧಣಿ ಕಾಲಿಟ್ಟೊಡನೆ ಉರಿ ಕಾಯುವವನು ಉಳಿದವರನ್ನು ಬಿಟ್ಟು ಮುಂದೆ ಬಂದು, ಸೊಂಟ ಬಗ್ಗಿಸಿ, ಉರಿ ಹೇಗಿದೆಯೆಂದು ಒಪ್ಪಿಸಬೇಕು. ಇಂದೂ ರೂಢಿಬಿದ್ದ ಬೆಂಕಿಯವನ ಕಾಲು ಅವನ ಮಾತು ಕೇಳಲಿಲ್ಲ. ಸಾಲಿನಿಂದ ಹೊರಬಂದ, ಬಗ್ಗಿದ.

“ಉರಿ ಚೆನ್ನಾಗಿದೆ ಧಣೀ,” ಎಂದುಬಿಟ್ಟ.

ಇನ್ಸ್‌ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ನೋಡಿ ಸಾರ್. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ.”

ಅಳಿಯ ಮಾವನ ಮುಖ ನೋಡಿದ. ಮಾವ ಗಡಿಯಾರ ನೋಡಿಕೊಂಡ.

“ಇವನೇ,” ಎಂದ ಅಳಿಯ.

ಸಂಜೆ ಪೊಲೀಸರು ತಾವೇ ಬರೆದ ತಪ್ಪೊಪ್ಪಿಗೆ ಓದಿ ಹೇಳಿದರು. ಅದರಲ್ಲಿ ಬೆಂಕಿಯವನಿಗಿಂತ ದೊಡ್ಡ ಕಳ್ಳ ಅವನ ಅಣ್ಣ: ಸಂಚು ಅಣ್ಣನದು, ಚಾಕು ಅಣ್ಣನದು. ತನ್ನ ತಲೆಗೆ ಕಟ್ಟಿದ್ದನ್ನು ಹೊರುತ್ತೇನೆ, ಅಣ್ಣನ ಹೆಸರನ್ನು ಮಾತ್ರ ತೆಗೆಯಿರಿ ಎಂದು ಅವನು ನೆಲಕ್ಕೆ ಹಣೆ ಹಚ್ಚಿ ಬೇಡಿದ.

“ನೀನೊಬ್ನೇ ಮಾಡ್ದೆ ಅಂದ್ರೆ ಯಾವ ನಾಯಿ ನಂಬುತ್ತೋ? ಟಿವಿಯೋರಿಗೆ ಗ್ಯಾಂಗು ಬೇಕು. ಒತ್ತೋ ಹೆಬ್ಬೆಟ್ಟು,” ಎಂದ ಇನ್ಸ್‌ಪೆಕ್ಟರ್.

ಗೋಡೆಯಾಚೆಯಿಂದ ಅಣ್ಣನ ಒಡಕು ದನಿ ಬಂತು. “ಒತ್ಬಿಡೋ ತಮ್ಮಾ. ನೇಣಾದ್ರೂ ಹಾಕ್ಲಿ. ಇದು ತಡ್ಯಕ್ಕಾಗಲ್ಲ.”

ಪೇದೆಯೊಬ್ಬ ಅವನ ಎಡಗೈ ಎಳೆದು ಹೆಬ್ಬೆರಳಿಗೆ ಶಾಯಿ ಸವರಿದ. ಕಾಗದಕ್ಕೆ ತಾಗಿಸುವಷ್ಟರಲ್ಲಿ ಬೆಂಕಿಯವನು ಕೈ ಕಿತ್ತುಕೊಂಡು, ಬೆರಳನ್ನು ಬಾಯಿಗಿಟ್ಟು, ಹಲ್ಲಿಗೆ ಮೂಳೆ ತಾಗುವವರೆಗೂ ಕಚ್ಚಿದ. ಪೇದೆ ಹೌಹಾರಿ ಹಿಂದೆ ಸರಿದ. ಗದ್ದದಿಂದ ಶಾಯಿಯೂ ರಕ್ತವೂ ಒಟ್ಟಿಗೆ ಇಳಿದವು.

“ಬಲಗೈ ಹಿಡ್ಕೊಳ್ರೋ,” ಎಂದು ಇನ್ಸ್‌ಪೆಕ್ಟರ್ ಕುರ್ಚಿ ಒದ್ದು ಎದ್ದ.

ಬೆಂಕಿಯವನು ಬಾಯಲ್ಲಿದ್ದ ಮಾಂಸದ ಚೂರನ್ನು ಮೇಜಿನ ಮೇಲೆ ಉಗುಳಿ, ಬಲಗೈಯನ್ನೂ ಹಲ್ಲಿನ ಬಳಿಗೆ ತಂದ.